ಕಿಬ್ಬೊಟ್ಟೆಯ ಬೇನೆ: ಯಾರೂ ಕೇಳದೆ ಉಳಿದ ಒಂದು ಚರಿತ್ರೆ

ನಮ್ಮ ಯಾದಗಿರಿ, ಶಹಾಪುರ, ಸುರಪುರದ ಕಡೆಯ ಹೆಣ್ಣುಮಕ್ಕಳು ಮೈನೋವನ್ನು ‘ಬ್ಯಾನಿ’ ಎನ್ನುತ್ತಾರೆ. ಗ್ರಂಥಭಾಷೆಯಲ್ಲಿ ಅದು ‘ಬೇನೆ’; ಸಂಸ್ಕೃತದ ‘ವೇದನಾ’ ಎಂಬುದರ ತದ್ಭವ. ವೇದನೆಯಾದರೋ ‘ವಿದ್’ ಎಂಬ ಧಾತುವಿನಿಂದ ಹುಟ್ಟಿದ ಮಾತು. ವೇದ, ವಿದ್ಯೆ, ವಿದ್ವಾಂಸ ಇವೆಲ್ಲ ಅದರ ಒಡಹುಟ್ಟುಗಳೇ. ವಿದ್ ಎಂದರೆ ಅರಿ, ತಿಳಿ ಎಂದರ್ಥ. ಅಂದಮೇಲೆ ಬೇನೆಯೆಂಬುದು ಮೂಲದಲ್ಲಿ ಅರಿವಿಗೆ ಬರುವಂಥದು, ಒಳಗಿನದನ್ನು ತಿಳಿಯಪಡಿಸುವಂಥದು. ವರ್ಷವರ್ಷವೂ ಹೈಸ್ಕೂಲಿನ ಮಕ್ಕಳಿಗೆ ತತ್ಸಮ ತದ್ಭವಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುತ್ತ ಬಂದ ನನಗೆ ಈ ಮಾತಿನ ತಿರುಳು ಹೊಳೆದದ್ದು ಬಹಳ ತಡವಾಗಿ. ತಿಳಿಯಪಡಿಸುವುದೇ ಯಾವುದರ ಧರ್ಮವೋ ಅದನ್ನೇ ತಿಳಿಯಲೊಲ್ಲದೆ ನಾವು ಎಷ್ಟು ಶತಮಾನಗಳನ್ನು ಕಳೆದೆವು!

ಇಂದು ನಿಮ್ಮೊಡನೆ ಹೇಳಬೇಕೆಂದಿರುವುದು ಅಂಥದೊಂದು ಬೇನೆಯ ಚರಿತ್ರೆಯನ್ನು. ಹೊಕ್ಕುಳ ಕೆಳಗೆ, ಕಿಬ್ಬೊಟ್ಟೆಯಲ್ಲಿ, ನಡುವಿನಲ್ಲಿ ಕಾಣಿಸಿಕೊಂಡು, ಆರು ತಿಂಗಳಾದರೂ ಬಿಡದೆ ಬಂದು ಬಂದು ಕಾಡುವ ನೋವಿನ ಕಥೆ ಇದು. ಗಂಡಸರಿಗೂ ಈ ಬೇನೆ ಬರುವುದುಂಟು. ಆದರೆ ಅದರ ದೊಡ್ಡ ಪಾಲು ಬಿದ್ದಿರುವುದು ಹೆಣ್ಣಿನ ಮೇಲೆ. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇಂಥ ವಿಷಯವೇ ಎಂದು ನೀವು ಹುಬ್ಬೇರಿಸಬಹುದು. ರೇಡಿಯೋ ಇರುವುದು ನಡುಮನೆಯಲ್ಲಿ; ಅದನ್ನು ಅಜ್ಜನೂ ಕೇಳುತ್ತಾನೆ, ಸೊಸೆಯೂ ಕೇಳುತ್ತಾಳೆ. ಆ ಕಾರಣಕ್ಕೇ ಈ ಮಾತು ಇಲ್ಲಿ ಬರಬೇಕು. ಅಡಿಗೆಮನೆಯ ಮೂಲೆಯಲ್ಲಿ ಪಿಸುಮಾತಾಗಿ ಉಳಿದದ್ದರಿಂದಲೇ ಈ ಬೇನೆ ಇಷ್ಟು ಬೆಳೆಯಿತು.

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ಹಲವು ವರ್ಷಗಳ ಹಿಂದೆ ನನ್ನ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಜಾಣ ಹುಡುಗಿ ಇದ್ದಳು. ಛಂದಸ್ಸಿನ ಗಣವಿಭಾಗವನ್ನು ತರಗತಿಯಲ್ಲಿ ಅವಳಷ್ಟು ಚೊಕ್ಕವಾಗಿ ಮಾಡುವವರು ಇರಲಿಲ್ಲ. ಆದರೆ ಪ್ರತಿ ತಿಂಗಳೂ ಎರಡು ಮೂರು ದಿನ ಗೈರುಹಾಜರಿ. ಬಂದ ದಿನವೂ ಬೆಂಚಿನ ಮೇಲೆ ತಲೆಯಿಟ್ಟು ಮಲಗುವುದು. ಕೇಳಿದರೆ “ಹೊಟ್ಟಿ ಬ್ಯಾನಿರಿ ಸರ್” ಎಂಬ ಒಂದೇ ಉತ್ತರ. “ತಿಂಗಳಿಗೊಮ್ಮೆ ಅದೇ ನೆವ ಹೇಳಬೇಡ” ಎಂದು ನಾನು ಎಲ್ಲರೆದುರು ಗದರಿದೆ. ಆಕೆ ಮತ್ತೆ ಆ ಮಾತೆತ್ತಲಿಲ್ಲ. ಮರುವರ್ಷ ಶಾಲೆಗೂ ಬರಲಿಲ್ಲ. ಆಕೆಯ ವಿಷಯವನ್ನು ಕೊನೆಯಲ್ಲಿ ಮತ್ತೆ ಹೇಳುತ್ತೇನೆ.

ಈಗ ಚರಿತ್ರೆಗೆ ಬರೋಣ. ನಮ್ಮ ಪ್ರಾಚೀನ ವೈದ್ಯರು ಈ ಬೇನೆಯನ್ನು ಕಾಣದವರಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಹೆಣ್ಣಿನ ಗುಹ್ಯರೋಗಗಳನ್ನು ಇಪ್ಪತ್ತು ಬಗೆಯಾಗಿ ವಿಂಗಡಿಸಿದೆ. ಅವುಗಳಲ್ಲಿ ‘ಉದಾವರ್ತ’ ಎಂಬುದೊಂದು: ಮುಟ್ಟಿನ ಹೊತ್ತಿಗೆ ತಡೆಯಲಾರದ ನೋವು, ಸ್ರಾವವಾದೊಡನೆ ಉಪಶಮನ. ಇಂದಿಗೂ ಮನೆಮನೆಯಲ್ಲಿ ಕಾಣುವ ಲಕ್ಷಣವೇ ಅದು. ಈ ರೋಗಗಳಿಗೆಲ್ಲ ವಾತವೇ ಮೂಲವೆಂದು ಚರಕನ ಮತ. ಎಣ್ಣೆ, ಕಾವು, ಬಸ್ತಿ ಮುಂತಾದುವು ಆತನ ಉಪಚಾರ. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತು ಸೂತ್ರಸ್ಥಾನದಲ್ಲಿದೆ. ಶರೀರ, ಮನಸ್ಸು ಎರಡೂ ರೋಗಕ್ಕೆ ಆಶ್ರಯ ಎಂದು ಅಲ್ಲಿ ಹೇಳಿದೆ. ರೋಗವನ್ನು ಬೆಳೆಸತಕ್ಕ ಸಂಗತಿಗಳಲ್ಲೆಲ್ಲ ವಿಷಾದವೇ ಅಗ್ರಗಣ್ಯವೆಂದೂ ಹೇಳಿದೆ. ಚಿತೆಗೂ ಚಿಂತೆಗೂ ಇರುವ ಅಂತರ ಒಂದು ಸೊನ್ನೆ ಮಾತ್ರ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದೂ ಇದೇ ಅರ್ಥದಲ್ಲಿ. ಮೈಯ ಬೇನೆಗೂ ಮನಸ್ಸಿನ ಭಾರಕ್ಕೂ ನಂಟಿದೆಯೆಂಬುದು ನಮಗೆ ಹೊಸದಾಗಿ ಯಾರೋ ಕಲಿಸಿದ ಪಾಠವಲ್ಲ.

ಕನ್ನಡದಲ್ಲೂ ವೈದ್ಯಗ್ರಂಥಗಳಿಗೆ ಬರವಿರಲಿಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’, ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಕನ್ನಡಿಸಿದ ‘ಕಲ್ಯಾಣಕಾರಕ’, ಕೀರ್ತಿವರ್ಮನ ‘ಗೋವೈದ್ಯ’, ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’, ಇವು ಪಂಡಿತ ಪರೀಕ್ಷೆಗೆ ಓದಿದವರೆಲ್ಲರಿಗೂ ಪರಿಚಿತವಾದ ಹೆಸರುಗಳು. ಹಸುವಿನ ರೋಗಕ್ಕೆ ಒಂದು ಗ್ರಂಥ, ಹಾವಿನ ವಿಷಕ್ಕೆ ಒಂದು ಗ್ರಂಥ ಎಂದು ಥಟ್ಟನೆ ಹೇಳಬಲ್ಲ ನನ್ನಂಥವನ ನಾಲಿಗೆಗೆ ಹೆಣ್ಣಿನ ಬೇನೆಗೆಂದೇ ಮೀಸಲಾದ ಒಂದು ಕೃತಿಯ ಹೆಸರು ಹಾಗೆ ಬರುವುದಿಲ್ಲ. ಅದರ ಅರಿವು ಓಲೆಗರಿಯಲ್ಲಿರದೆ ಸೂಲಗಿತ್ತಿಯ ಕೈಯಲ್ಲಿತ್ತು. ಆಕೆ ಹೆರಿಗೆ ಮಾಡಿಸುವುದರೊಡನೆ ನಡುವಿಗೆ ಎಣ್ಣೆ ನೀವುತ್ತಿದ್ದಳು, ಕಾಸುತ್ತಿದ್ದಳು, ನೀವುತ್ತ ನೀವುತ್ತ ಗಂಡನ ಮನೆಯ ಸುಖದುಃಖ ಕೇಳುತ್ತಿದ್ದಳು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ ೨೦೧೮ರಲ್ಲಿ ಪದ್ಮಶ್ರೀ ಬಂದಾಗ ಆ ಹಳೆಯ ಕಸುಬಿಗೊಂದು ಮನ್ನಣೆ ದೊರೆತಂತಾಯಿತು. ಸೂಲಗಿತ್ತಿಯರ ಕೈಯಲ್ಲಿ ನಂಜಾಗಿ ಸತ್ತವರೂ ಇದ್ದಾರೆ, ಅದನ್ನು ಮರೆಮಾಚಬಾರದು. ಆದರೆ ಕೇಳುವ ಕಿವಿಯೊಂದು ಅಲ್ಲಿತ್ತು.

ಪಶ್ಚಿಮದ ಕಥೆ ಬೇರೆ ದಾರಿ ಹಿಡಿಯಿತು. ಗ್ರೀಕರ ಭಾಷೆಯಲ್ಲಿ ಗರ್ಭಕೋಶಕ್ಕೆ ‘ಹಿಸ್ಟೆರಾ’ ಎಂದು ಹೆಸರು. ಗರ್ಭಕೋಶವು ತನ್ನ ನೆಲೆ ಬಿಟ್ಟು ಮೈಯೊಳಗೆ ಅಲೆದಾಡುವುದೇ ಹೆಣ್ಣಿನ ಅನೇಕ ಬಾಧೆಗಳಿಗೆ ಕಾರಣವೆಂದು ಅವರಲ್ಲಿ ಕೆಲವರು ನಂಬಿದ್ದರು. ‘ಹಿಸ್ಟೀರಿಯಾ’ ಎಂಬ ಮಾತು ಅಲ್ಲಿಂದ ಬಂದದ್ದು. ಮುಂದೆ ಕಾರಣ ತಿಳಿಯದ ನೋವಿಗೆಲ್ಲ ಅದೇ ಹಣೆಪಟ್ಟಿಯಾಯಿತು. ಅಮೆರಿಕದ ಮನೋವೈದ್ಯರು ತಮ್ಮ ರೋಗಪಟ್ಟಿಯಿಂದ ಆ ಹೆಸರನ್ನು ತೆಗೆದುಹಾಕಿದ್ದು ೧೯೮೦ರಲ್ಲಿ. ಇದು ಒಂದು ಬಗೆಯ ತಪ್ಪು: ಬೇನೆಗೆ ಗುರುತು ಸಿಕ್ಕದಿದ್ದರೆ ಅದು ಬೇನೆಯೇ ಅಲ್ಲ, ಹೆಂಗಸಿನ ಮನಸ್ಸಿನ ಆಟ ಎಂದುಬಿಡುವುದು.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ತಪ್ಪೂ ಅಲ್ಲಿಯೇ ಬೆಳೆಯಿತು. ೧೮೭೨ರಲ್ಲಿ ಅಮೆರಿಕದ ಜಾರ್ಜಿಯಾ ಪ್ರಾಂತದ ರಾಬರ್ಟ್ ಬ್ಯಾಟೀ ಎಂಬ ಶಸ್ತ್ರವೈದ್ಯ ಮುಟ್ಟಿನ ಬಾಧೆಗೂ ನರಗಳ ಬಾಧೆಗೂ ಪರಿಹಾರವೆಂದು ಹೆಣ್ಣಿನ ಅಂಡಾಶಯಗಳನ್ನೇ ತೆಗೆದುಹಾಕುವ ಕ್ರಮವನ್ನು ಆರಂಭಿಸಿದ. ಅಂಡಾಶಯದಲ್ಲಿ ರೋಗವಿರಲೇಬೇಕೆಂದಿರಲಿಲ್ಲ. ಅಮೆರಿಕದಲ್ಲಿಯೂ ಯುರೋಪಿನಲ್ಲಿಯೂ ಆ ಶಸ್ತ್ರಕ್ರಿಯೆಗೆ ಸಾವಿರಾರು ಹೆಂಗಸರು ಒಳಗಾದರು. ಅನೇಕರು ಪ್ರಾಣ ಬಿಟ್ಟರು. ‘ಅಂಗದಲ್ಲಿ ಏನೂ ಇಲ್ಲ, ಎಲ್ಲ ಮನಸ್ಸಿನಲ್ಲಿ’ ಎಂಬುದು ಒಂದು ಕೊನೆ. ‘ಎಲ್ಲ ಈ ಅಂಗದಲ್ಲೇ, ಕೊಯ್ದು ಬಿಸಾಡಿ’ ಎಂಬುದು ಇನ್ನೊಂದು ಕೊನೆ. ಎರಡರಲ್ಲಿಯೂ ಹೆಣ್ಣನ್ನು ಕೂರಿಸಿಕೊಂಡು ಕೇಳುವ ಕೆಲಸ ಮಾತ್ರ ಇರಲಿಲ್ಲ.

ಅದೇ ಕಾಲದಲ್ಲಿ ನಮ್ಮ ಸೀಮೆ ನಿಜಾಮನ ಆಳ್ವಿಕೆಯಲ್ಲಿತ್ತು. ರಾಜಧಾನಿಯಾದ ಹೈದರಾಬಾದಿನಲ್ಲಿ ೧೮೮೮ ಮತ್ತು ೧೮೮೯ರಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳು ಕುಳಿತು, ಪ್ರಜ್ಞೆ ತಪ್ಪಿಸುವ ಆ ಮದ್ದು ಎಷ್ಟು ನಿರಪಾಯವೆಂದು ಪರೀಕ್ಷಿಸಿದವು. ಅಲ್ಲಿಯ ವೈದ್ಯಶಾಲೆಯಲ್ಲಿ ಎಡ್ವರ್ಡ್ ಲಾರಿಯವರ ಬಳಿ ಕಲಿತ ರೂಪಾಬಾಯಿ ಫರ್ದೂನ್‌ಜಿ ಅವರನ್ನು ಜಗತ್ತಿನ ಮೊದಲ ಅರಿವಳಿಕೆ ವೈದ್ಯೆಯರಲ್ಲಿ ಒಬ್ಬರೆಂದು ಇಂದು ಗೌರವದಿಂದ ನೆನೆಯುತ್ತಾರೆ. ಕೊಯ್ಯುವ ಹೊತ್ತಿನ ನೋವನ್ನು ಹೀಗೆ ಗೆದ್ದದ್ದು ಸಾಮಾನ್ಯ ಸಾಧನೆಯಲ್ಲ. ಆದರೆ ಕ್ಲೋರೋಫಾರ್ಮು ಒಂದು ಗಂಟೆಯ ಬೇನೆಗೆ ಮದ್ದೇ ಹೊರತು ಹತ್ತು ವರ್ಷದ ಬೇನೆಗಲ್ಲ. ಆ ಎರಡನೆಯದನ್ನು ಅರ್ಥ ಮಾಡಿಕೊಳ್ಳಲು ಇನ್ನೂ ಮುಕ್ಕಾಲು ಶತಮಾನ ಬೇಕಾಯಿತು.

ಅರಿವು ಎರಡು ಕಡೆಯಿಂದ ಬಂತು. ಮೈಯ ಕಡೆಯಿಂದ ಮೊದಲು ಹೇಳುತ್ತೇನೆ. ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೂ ಬೆಳೆಯುವುದನ್ನು ೧೮೬೦ರಲ್ಲಿ ವಿಯೆನ್ನಾದ ರೊಕಿಟಾನ್ಸ್ಕಿ ವರ್ಣಿಸಿದ್ದ. ೧೯೨೦ರ ದಶಕದಲ್ಲಿ ಅಮೆರಿಕದ ಜಾನ್ ಸ್ಯಾಂಪ್ಸನ್ ಅದನ್ನು ವಿವರವಾಗಿ ಅಭ್ಯಸಿಸಿದ. ‘ಎಂಡೊಮೆಟ್ರಿಯೋಸಿಸ್’ ಎಂಬ ಹೆಸರು ಬಳಕೆಗೆ ಬಂತು. ಹೆರುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ, ಜಗತ್ತಿನಲ್ಲಿ ಸುಮಾರು ೧೯ ಕೋಟಿ ಜನಕ್ಕೆ ಇದು ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇದಲ್ಲದೆ ಹಳೆಯ ನಂಜು, ಒಳಗಿನ ಅಂಟುಗಳು, ಮೂತ್ರಕೋಶದ ಬಾಧೆ, ಕರುಳಿನ ಬಾಧೆ, ಕಿಬ್ಬೊಟ್ಟೆಯ ತಳದ ಸ್ನಾಯುಗಳ ಬಿಗಿತ, ನರಗಳ ಬಾಧೆ ಎಂದು ಕಾರಣಗಳು ಅನೇಕ. ‘ಏನೂ ಇಲ್ಲ’ ಎಂದು ಮನೆಗೆ ಕಳಿಸಿದವರಲ್ಲಿ ಎಷ್ಟೋ ಮಂದಿಗೆ ಏನೋ ಇದ್ದೇ ಇತ್ತು.

ಇನ್ನು ಮನಸ್ಸಿನ ಕಡೆ. ೧೯೬೫ರಲ್ಲಿ ಕೆನಡಾದ ಮೆಲ್ಜಾಕ್, ಇಂಗ್ಲೆಂಡಿನ ವಾಲ್ ಎಂಬಿಬ್ಬರು ಒಂದು ಹೊಸ ಸಿದ್ಧಾಂತವನ್ನು ಮುಂದಿಟ್ಟರು. ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಬಾಗಿಲಿನಂಥ ಒಂದು ಏರ್ಪಾಡಿದೆ. ಮಿದುಳಿನಿಂದ ಇಳಿದು ಬರುವ ಅಪ್ಪಣೆಯೂ ಆ ಬಾಗಿಲನ್ನು ತೆರೆಯುತ್ತದೆ, ಮುಚ್ಚುತ್ತದೆ ಎಂದು ಅದರ ಸಾರ. ಭಯ, ದುಗುಡ, ನಿದ್ದೆಗೇಡು ಬಾಗಿಲನ್ನು ತೆರೆದಿಡುತ್ತವೆ. ಧೈರ್ಯ, ವಿಶ್ರಾಂತಿ, ಆಪ್ತರ ಮಾತು ಅದನ್ನು ಓರೆ ಮಾಡುತ್ತವೆ. ಬಹುಕಾಲ ನೋವುಂಡ ನರಮಂಡಲ ಇನ್ನೂ ಸೂಕ್ಷ್ಮವಾಗುತ್ತದೆ ಎಂಬುದು ಆಮೇಲಿನ ಸಂಶೋಧನೆ. ಇದನ್ನು ತಿಳಿಯಲು ನಿಮ್ಮ ಮನೆಯ ರೇಡಿಯೋವನ್ನೇ ನೋಡಿ. ದೂರದ ನಿಲಯ ಸಣ್ಣಗೆ ಕೇಳುತ್ತಿದೆಯೆಂದು ಧ್ವನಿಯ ಗುಂಡಿಯನ್ನು ಪೂರ್ತಿ ತಿರುಗಿಸಿಟ್ಟಿರಿ. ಆಮೇಲೆ ಮುಳ್ಳನ್ನು ಹತ್ತಿರದ ನಿಲಯಕ್ಕೆ ತಂದರೆ ಕಿವಿ ಗಡಚಿಕ್ಕುತ್ತದೆ. ನಿಲಯದವರು ಕೂಗಿಕೊಂಡದ್ದಲ್ಲ, ಗುಂಡಿ ತಿರುಗಿದಲ್ಲೇ ನಿಂತಿದೆ. ಕೇಳುವವನಿಗೆ ಸದ್ದಂತೂ ಸುಳ್ಳಲ್ಲ. ಮನಸ್ಸಿಗೆ ಪಾಲಿದೆಯೆಂದರೆ ಬೇನೆ ಸೋಗೆಂದು ಅರ್ಥವಲ್ಲ. ಮೈಯ ಗುಂಡಿ ತಿರುಗಿ ನಿಂತಿದೆಯೆಂದರ್ಥ.

ನೋವಿನ ಅಧ್ಯಯನಕ್ಕಾಗಿ ಇರುವ ಅಂತರರಾಷ್ಟ್ರೀಯ ಸಂಘವು ೧೯೭೯ರಲ್ಲಿ ನೋವನ್ನು ಇಂದ್ರಿಯದ ಅನುಭವವೂ ಹೌದು, ಭಾವದ ಅನುಭವವೂ ಹೌದು ಎಂದು ನಿರೂಪಿಸಿತು. ೨೦೨೦ರಲ್ಲಿ ಅದನ್ನು ಪರಿಷ್ಕರಿಸಿದಾಗ, ಒಬ್ಬರು ತಮಗೆ ನೋವಿದೆಯೆಂದು ಹೇಳಿದರೆ ಆ ಮಾತನ್ನು ಗೌರವಿಸತಕ್ಕದ್ದು ಎಂಬ ಟಿಪ್ಪಣಿಯನ್ನೂ ಸೇರಿಸಿತು. ನಮ್ಮ ‘ವೇದನೆ’ಯ ಧಾತ್ವರ್ಥಕ್ಕೆ ಆಧುನಿಕ ವಿಜ್ಞಾನ ಬಂದು ಸೇರಿದ್ದು ಹೀಗೆ.

ಈ ತಿಳಿವಳಿಕೆಯಿಂದ ಪ್ರಯೋಜನವಾದುದುಂಟೇ ಎಂದು ನೀವು ಕೇಳಬಹುದು. ಉಂಟು. ೧೯೯೧ರಲ್ಲಿ ಹಾಲೆಂಡಿನ ವೈದ್ಯರು ಪ್ರಕಟಿಸಿದ ಒಂದು ಪ್ರಯೋಗ ಪ್ರಸಿದ್ಧವಾಗಿದೆ. ಬಹುಕಾಲದ ಕಿಬ್ಬೊಟ್ಟೆ ಬೇನೆಯ ೧೦೬ ಹೆಂಗಸರನ್ನು ಅವರು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಾಡಿಕೆಯಂತೆ ಮೊದಲು ಹೊಟ್ಟೆಯೊಳಗೆ ದುರ್ಬೀನು ಇಳಿಸಿ ನೋಡುವುದು, ಅಲ್ಲೇನೂ ಸಿಕ್ಕದಿದ್ದರೆ ಮಾತ್ರ ಮನಸ್ಸಿನ ವಿಚಾರ. ಇನ್ನೊಂದು ಗುಂಪಿಗೆ ಮೊದಲ ದಿನದಿಂದಲೇ ಮೈ, ಮನಸ್ಸು, ಆಹಾರ, ಸ್ನಾಯುಗಳ ವ್ಯಾಯಾಮ, ಮನೆಯ ಪರಿಸ್ಥಿತಿ ಎಲ್ಲವನ್ನೂ ಸಮನಾಗಿ ವಿಚಾರಿಸುವುದು. ಒಂದು ವರ್ಷದ ಮೇಲೆ ನೋಡಿದಾಗ ಎರಡನೆಯ ಗುಂಪಿನವರೇ ಹೆಚ್ಚು ಸುಧಾರಿಸಿದ್ದರು. ನಮ್ಮ ನೆರೆಯ ಗೋವೆಯಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ೨೦೦೫ರಲ್ಲಿ ಪ್ರಕಟಿಸಿದ ಸಮೀಕ್ಷೆ ಬಿಳಿಸೆರಗಿನ ವಿಷಯವಾದದ್ದು. ಆ ದೂರಿಗೂ ನಂಜಿಗೂ ಇರುವುದಕ್ಕಿಂತ ಹೆಚ್ಚಿನ ನಂಟು ಅದಕ್ಕೂ ಮನಸ್ಸಿನ ಕಳವಳಕ್ಕೂ ಇತ್ತೆಂದು ಅದರಲ್ಲಿ ಕಂಡುಬಂತು. ಹೇಳಲು ಬಾರದ ದುಃಖವನ್ನು ಹೆಣ್ಣು ಕೆಲವೊಮ್ಮೆ ಹೇಳಬಹುದಾದ ರೋಗದ ಹೆಸರಿನಲ್ಲಿ ಹೇಳುತ್ತಾಳೆ.

ಬೇನೆಯನ್ನು ಅಳೆಯುವ ಬಗೆಯೂ ಬದಲಾಯಿತು. ಎಷ್ಟು ನೋವು ಎಂದು ಕೇಳಿದರೆ ಸಾಲದು. ಬದುಕು ಹೇಗಿದೆ ಎಂದೂ ಕೇಳಬೇಕು ಎಂದಾಯಿತು. ವಿಶ್ವ ಆರೋಗ್ಯ ಸಂಸ್ಥೆ ಕಳೆದ ಶತಮಾನದ ಕೊನೆಯ ದಶಕದಲ್ಲಿ ಸಿದ್ಧಪಡಿಸಿದ ಬಾಳ್ವೆಯ ಗುಣಮಟ್ಟದ ಪ್ರಶ್ನಾವಳಿಯ ಚಿಕ್ಕ ರೂಪದಲ್ಲಿ ೨೬ ಪ್ರಶ್ನೆಗಳಿವೆ: ಮೈಯ ಶಕ್ತಿ, ಮನಸ್ಸಿನ ನೆಮ್ಮದಿ, ಬಂಧುಬಾಂಧವ್ಯ, ಸುತ್ತಣ ಪರಿಸರ. ಅದನ್ನು ತಯಾರಿಸುವಾಗ ನಮ್ಮ ದೇಶದ ಮದರಾಸು, ದೆಹಲಿ ನಗರಗಳಲ್ಲಿಯೂ ಜನರನ್ನು ಕೇಳಿದ್ದರು. ನಮ್ಮ ಕಡೆಯ ಬದುಕಿಗೆ ಅದನ್ನು ಹೊಂದಿಸಿ ನೋಡಿ. ನಾರಾಯಣಪುರದ ಕಾಲುವೆಯ ಕೆಳಗೆ ಸುರಪುರ, ಶಹಾಪುರದ ಹೊಲಗಳಲ್ಲಿ ದಿನವಿಡೀ ಬಗ್ಗಿ ಭತ್ತದ ಸಸಿ ನಡುವವಳು, ಹತ್ತಿ ಬಿಡಿಸುವವಳು, ಮೆಣಸಿನಕಾಯಿ ಹರಿಯುವವಳು ಯಾರು? ನೋವಿದ್ದ ದಿನ ಕೂಲಿಗೆ ಹೋಗದಿದ್ದರೆ ಕಾಸಿಲ್ಲ. ಹೋದರೆ ರಾತ್ರಿ ನಿದ್ದೆಯಿಲ್ಲ. ಗಂಡನ ಸಂಗಕ್ಕೆ ಅಂಜಿಕೆ, ಅಂಜಿಕೆಗೆ ಕಾರಣ ಹೇಳಲು ನಾಚಿಕೆ, ಹೇಳದಿದ್ದರೆ ಮುನಿಸು. ಮದುವೆ ಮುಂಜಿ ಜಾತ್ರೆಗಳಿಗೆ ಹೋಗುವುದು ತಪ್ಪುತ್ತದೆ. ‘ಯಾವಾಗಲೂ ನರಳುತ್ತಾಳೆ’ ಎಂಬ ಹೆಸರು ಬರುತ್ತದೆ. ಒಂದು ನೋವು ಹೀಗೆ ಹತ್ತು ನೋವಾಗಿ, ಆ ಹತ್ತೂ ಸೇರಿ ಮೊದಲನೆಯದನ್ನು ಬೆಳೆಸುತ್ತವೆ.

ಈ ಬೇನೆ ಎಷ್ಟು ವ್ಯಾಪಕವೆಂಬುದಕ್ಕೆ ಎರಡು ಲೆಕ್ಕ ಸಾಕು. ೧೯೮೯ರಲ್ಲಿ ಮಹಾರಾಷ್ಟ್ರದ ಗಡಚಿರೋಲಿಯ ಎರಡು ಹಳ್ಳಿಗಳ ೬೫೦ ಹೆಂಗಸರನ್ನು ರಾಣಿ ಬಂಗ್, ಅಭಯ್ ಬಂಗ್ ದಂಪತಿ ಮತ್ತು ಸಂಗಡಿಗರು ಪರೀಕ್ಷಿಸಿ ವರದಿ ಮಾಡಿದರು: ನೂರಕ್ಕೆ ೯೨ ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗ, ಅದಕ್ಕೆ ಹಿಂದೆ ಎಂದಾದರೂ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ೮ ಮಂದಿ ಮಾತ್ರ. ೧೯೯೫ರಲ್ಲಿ ಭಾಟಿಯಾ, ಕ್ಲೆಲ್ಯಾಂಡ್ ಎಂಬಿಬ್ಬರು ನಮ್ಮ ಕರ್ನಾಟಕದ ೩,೬೦೦ ತಾಯಂದಿರ ಸಮೀಕ್ಷೆಯನ್ನು ಪ್ರಕಟಿಸಿದರು. ಅವರಲ್ಲಿ ಸುಮಾರು ಮೂರರಲ್ಲೊಬ್ಬಳು ಇಂಥ ಯಾವುದಾದರೊಂದು ಬಾಧೆಯನ್ನು ತಾನಾಗಿ ಹೇಳಿಕೊಂಡಳು.

ಕೇಳುವವರಿಲ್ಲದ ಬೇನೆಗೆ ಕೊಯ್ಯುವವರು ಬೇಗ ಸಿಗುತ್ತಾರೆ. ಯಾದಗಿರಿ ಜಿಲ್ಲೆ ೨೦೦೯ರ ಕೊನೆಯವರೆಗೆ ಕಲಬುರಗಿಯ ಒಡಲಲ್ಲೇ ಇತ್ತು. ಆದ್ದರಿಂದ ಅಲ್ಲಿಯದು ನಮ್ಮ ಮನೆಯ ಸುದ್ದಿ. ೨೦೧೫ರಲ್ಲಿ ಆ ಜಿಲ್ಲೆಯ ತಾಂಡಾಗಳಿಂದ, ಹಳ್ಳಿಗಳಿಂದ ಒಂದು ವಿಷಯ ಹೊರಬಿತ್ತು. ಕೆಲವು ಖಾಸಗಿ ಆಸ್ಪತ್ರೆಗಳಲ್ಲಿ ಎರಡೂವರೆ ವರ್ಷದೊಳಗೆ ಎರಡು ಸಾವಿರಕ್ಕೂ ಮಿಕ್ಕ ಹೆಂಗಸರ ಗರ್ಭಕೋಶಗಳನ್ನು ತೆಗೆದಿದ್ದರು. ಲಂಬಾಣಿಯರೂ ದಲಿತರೂ ಅವರಲ್ಲಿ ಹೆಚ್ಚು. ನಲವತ್ತು ತುಂಬದವರು ಬಹಳ. ಹೊಟ್ಟೆನೋವು, ನಡುನೋವು, ಬಿಳಿಸೆರಗು ಎಂದು ಹೋದವರಿಗೆ ‘ತೆಗೆಸದಿದ್ದರೆ ಕ್ಯಾನ್ಸರ್ ಆದೀತು’ ಎಂಬ ಹೆದರಿಕೆ. ಜನಾರೋಗ್ಯ ಸಂಘಟನೆಗಳು ದನಿಯೆತ್ತಿದ ಮೇಲೆ ವಿಚಾರಣೆಗಳು ನಡೆದವು. ಬೇರೆ ರಾಜ್ಯಗಳ ಇಂಥದೇ ಪ್ರಕರಣಗಳ ಬಗ್ಗೆ ಡಾಕ್ಟರ್ ನರೇಂದ್ರ ಗುಪ್ತ ಅವರು ೨೦೧೩ರಲ್ಲಿ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೨೦೨೩ರ ಏಪ್ರಿಲ್ ೫ರಂದು ತೀರ್ಪಿತ್ತು, ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಜಾರಿಗೆ ತರತಕ್ಕದ್ದೆಂದು ಎಲ್ಲ ರಾಜ್ಯಗಳಿಗೂ ಆಜ್ಞಾಪಿಸಿತು. ಗರ್ಭಕೋಶ ತೆಗೆಯುವುದು ಕೆಲವರಿಗೆ ನಿಜವಾಗಿ ಬೇಕಾಗುತ್ತದೆ, ಪ್ರಾಣ ಉಳಿಸುತ್ತದೆ. ಆದರೆ ಬೇನೆಯ ಮೂಲ ಸ್ನಾಯುವಿನಲ್ಲೋ ಮೂತ್ರಕೋಶದಲ್ಲೋ ಸೂಕ್ಷ್ಮವಾದ ನರಗಳಲ್ಲೋ ಇದ್ದರೆ, ಗರ್ಭಕೋಶ ಹೋದರೂ ಬೇನೆ ಉಳಿಯುತ್ತದೆ. ಜೊತೆಗೆ ಅಂಡಾಶಯಗಳೂ ಹೋದರೆ ಮುಟ್ಟು ನಿಲ್ಲುವ ಕಾಲದ ಬಾಧೆಗಳೂ ಮೂಳೆಯ ಸವೆತವೂ ಎಳೆವಯಸ್ಸಿನಲ್ಲೇ ಬಂದು ಅಡರುತ್ತವೆ.

ಈಗ ನನ್ನ ವಿದ್ಯಾರ್ಥಿನಿಯ ವಿಷಯ. ಕೆಲವು ವರ್ಷದ ಕೆಳಗೆ ಶಹಾಪುರದ ಬಸ್ ನಿಲ್ದಾಣದಲ್ಲಿ ಒಬ್ಬ ಹೆಂಗಸು ಬಂದು ನಮಸ್ಕಾರ ಮಾಡಿದಳು. ಗುರುತು ಹತ್ತಲು ಹೊತ್ತು ಹಿಡಿಯಿತು. “ಹ್ಯಾಂಗಿದ್ದೀ ತಾಯಿ?” ಎಂದೆ. ಎರಡು ಮಕ್ಕಳು ಎಂದಳು. ಸ್ವಲ್ಪ ತಡೆದು, “ಚೀಲ ತಗಸಿದೆರಿ ಸರ್. ಆದ್ರ ಬ್ಯಾನಿ ಹೋಗಿಲ್ರಿ” ಎಂದಳು. ಆಗ ಅವಳಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಯಾವ ಆಸ್ಪತ್ರೆ, ಏನು ಕಾರಣ ಎಂದು ನಾನು ಕೇಳಲಿಲ್ಲ. ನನಗೆ ಕಂಡದ್ದು ನನ್ನದೇ ತರಗತಿ. ಆ ಬೇನೆಯನ್ನು ‘ನೆವ’ ಎಂದು ಕರೆದವರಲ್ಲಿ ಮೊದಲಿಗನೋ ಎರಡನೆಯವನೋ ನಾನಾಗಿದ್ದೆ. ಅಂದು ಒಬ್ಬರು ಹಿರಿಯರು ಅವಳ ಮಾತನ್ನು ನಂಬಿ ಅವಳ ತಾಯಿಯನ್ನು ಕರೆಸಿದ್ದರೆ, ಒಳ್ಳೆಯ ವೈದ್ಯರ ಬಳಿಗೆ ಕಳಿಸಿದ್ದರೆ, ಆ ಹುಡುಗಿಯ ಹಾದಿ ಬೇರೆಯಾಗುತ್ತಿತ್ತೋ ಏನೋ.

ಓದುಗರೇ, ಇದು ಹತಾಶೆಯ ಮಾತಲ್ಲ. ನಮ್ಮ ನಾಡಿನಲ್ಲಿಯೇ ಬೇರೆ ದಾರಿಯ ಉದಾಹರಣೆಯಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ೧೯೮೫ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮನಸ್ಸಿನ ಕಾಯಿಲೆಗಳನ್ನು ಗುರುತಿಸುವ ಶಿಕ್ಷಣ ಕೊಟ್ಟರು. ಮೈನೋವೆಂದು ಬಂದವರ ಮನಸ್ಸನ್ನೂ ವಿಚಾರಿಸಲು ಹಳ್ಳಿಯ ದವಾಖಾನೆಗೆ ಅದರಿಂದ ಬಾಗಿಲು ತೆರೆಯಿತು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಆ ಕ್ರಮವೇ ೧೯೯೬ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಎಂಬ ಸರಕಾರಿ ಸಹಾಯವಾಣಿಗೆ ೧೪೪೧೬ ಎಂಬ ಸಂಖ್ಯೆಯಲ್ಲಿ ಕರೆಮಾಡಿ ಕನ್ನಡದಲ್ಲಿಯೇ ಮನಸ್ಸಿನ ಭಾರ ಹೇಳಿಕೊಳ್ಳಬಹುದು.

ಮನೆಯವರು ಮಾಡತಕ್ಕದ್ದು ಕಷ್ಟದ ಕೆಲಸವೇನಲ್ಲ. ಮಗಳು, ಸೊಸೆ, ಹೆಂಡತಿ ಯಾರೇ ಆಗಲಿ, ತಿಂಗಳಾನುಗಟ್ಟಲೆ ಕಿಬ್ಬೊಟ್ಟೆ ನೋವೆಂದರೆ ನಂಬಿ. ನೋವು ಯಾವ ದಿನ ಬಂತು, ಮುಟ್ಟಿಗೂ ಊಟಕ್ಕೂ ದುಡಿಮೆಗೂ ಅದಕ್ಕೂ ಏನು ಸಂಬಂಧ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ, ವೈದ್ಯರಿಗೆ ತೋರಿಸಿ. ಜ್ವರ, ಎಡೆಬಿಡದ ರಕ್ತಸ್ರಾವ, ಇದ್ದಕ್ಕಿದ್ದಂತೆ ಬಂದ ಅತಿಯಾದ ನೋವು ಕಂಡರೆ ಒಂದು ದಿನವೂ ತಡಮಾಡಬೇಡಿ. ‘ಚೀಲ ತೆಗೆಸಿ’ ಎಂದರೆ ಏಕೆ ಎಂದು ಕೇಳಿ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ. ನಿದ್ದೆ ಹೇಗಿದೆ, ಮನೆಯಲ್ಲಿ ಹೆದರಿಕೆಯಿದೆಯೇ ಎಂದು ವೈದ್ಯರು ವಿಚಾರಿಸಿದರೆ, ನಮ್ಮವಳನ್ನು ಹುಚ್ಚಿ ಎಂದರು ಎಂದು ಸಿಟ್ಟಾಗಬೇಡಿ. ಅವರು ಒಳ್ಳೆಯ ವೈದ್ಯರು.

ಇಷ್ಟು ಬರೆಯುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ನನ್ನ ತದ್ಭವದ ಪಟ್ಟಿ. ಈಗ ಆ ಪಾಠ ಬಂದಾಗ ‘ವೇದನೆ’ಯ ಎದುರಿಗೆ ‘ಬೇನೆ’ ಎಂದು ಬರೆಸಿ, ಧಾತ್ವರ್ಥವನ್ನೂ ಹೇಳುತ್ತೇನೆ. ಕೊನೆಯ ಬೆಂಚಿನಲ್ಲಿ ಯಾರಾದರೂ ತಲೆಯಿಟ್ಟು ಮಲಗಿದ್ದರೆ ಪಾಠ ಮುಗಿದ ಮೇಲೆ ನಮ್ಮ ಶಾಲೆಯ ಬಾಯಾರವರನ್ನು ಕರೆದು, “ಆ ಹುಡುಗಿಯನ್ನು ಸ್ವಲ್ಪ ಕೇಳಿ ನೋಡ್ರಿ” ಎನ್ನುತ್ತೇನೆ.